ಅಲ್ ಬರ್ಷಾದ ಆಲ್ಡರ್‌ಮನ್

ಆ ಇಂಗ್ಲಿಷ್ ಹೆಂಗಸಿಗೂ ನನಗೂ ಮೊದಲ ದಿನದಿಂದಲೇ ಆಗುತ್ತಿರಲಿಲ್ಲ. ಅವಳು ನಮ್ಮ ಎದುರು ಫ್ಲ್ಯಾಟಿನವಳು, ಮಗನ ಮನೆಗೆ ಬಂದು ಕೂತವಳು. ನಾನು ಮಗಳ ಮನೆಗೆ ಬಂದು ಕೂತವಳು. ಇಬ್ಬರೂ ಗಂಡನನ್ನು ಕಳೆದುಕೊಂಡವರು, ಇಬ್ಬರಿಗೂ ಮೊಣಕಾಲಿನ ತಾಪತ್ರಯ, ಇಬ್ಬರ ಮನೆಯಲ್ಲೂ ಬೆಳಿಗ್ಗೆ ಏಳರಿಂದ ಸಂಜೆ ಏಳರ ತನಕ ಮಾತಾಡಲು ನರಪಿಳ್ಳೆ ಇಲ್ಲ. ಸ್ನೇಹ ಬೆಳೆಯಲು ಇದಕ್ಕಿಂತ ಹೆಚ್ಚು ಎಂತ ಬೇಕು? ಆದರೆ ನಾವು ಜಗಳ ಬೆಳೆಸಿದೆವು. ಅದೂ ನಾನು ಜನ್ಮದಲ್ಲಿ ಕಾಲಿಡದ ಇಂಗ್ಲೆಂಡಿನ ಒಂದು ಸಣ್ಣ ಊರಿನ ಮುನಿಸಿಪಾಲಿಟಿಯ ವಿಷಯಕ್ಕೆ.

ದುಬೈಯ ಅಲ್ ಬರ್ಷಾದ ನಮ್ಮ ಬಿಲ್ಡಿಂಗಿನ ಮೊದಲ ಮಹಡಿಯಲ್ಲಿ ಒಂದು ಕಾಮನ್ ರೂಮ್ ಇತ್ತು. ಮೂರು ಸೋಫಾ, ಒಂದು ಗಾಜಿನ ಟೀಪಾಯಿ, ಗೋಡೆಯಲ್ಲಿ ಓಡುವ ಕುದುರೆಗಳ ಚಿತ್ರ, ಕಿಟಕಿಯಾಚೆ ಮೆಟ್ರೋ. ವರ್ಷದಲ್ಲಿ ಆರೇಳು ತಿಂಗಳು ಹೊರಗೆ ಹೆಜ್ಜೆ ಇಟ್ಟರೆ ಉಸಿರು ಕಟ್ಟುವ ಸೆಕೆ. ಮಗಳು "ಮಾಲಿಗೆ ಹೋಗಿ ಕೂತ್ಕೊ ಅಮ್ಮ" ಎನ್ನುತ್ತಿದ್ದಳು. ಮಾಲಿನಲ್ಲಿ ಕೂತುಕೊಳ್ಳುವುದು ಅಂದರೆ ಯಾರದೋ ಮದುವೆ ಹಾಲಿನಲ್ಲಿ ಕರೆಯದೆ ಕೂತ ಹಾಗೆ. ಹಾಗಾಗಿ ನಾಲ್ಕರಿಂದ ಆರರ ವರೆಗೆ ನಮಗೆ, ಬಿಲ್ಡಿಂಗಿನ ಐದಾರು ಮುದುಕಿಯರಿಗೆ, ಆ ರೂಮೇ ಗತಿ. ಭಟ್ಕಳದ ಒಬ್ಬರು ಬರುತ್ತಿದ್ದರು. ಗಂಡನಿಗೆ ದುಬೈಯಲ್ಲೇ ಬಟ್ಟೆ ಅಂಗಡಿ. ಅವರ ಮನೆಮಾತು ನವಾಯತಿ, ನನ್ನ ಜೊತೆ ಮಾತಾಡುವಾಗ ತಾವು ಶಾಲೆಯಲ್ಲಿ ಕಲಿತ ಚಂದದ ಕನ್ನಡ. ನನ್ನನ್ನು "ಅಕ್ಕಾ" ಎಂದು ಕರೆಯುತ್ತಿದ್ದರು. ನಮ್ಮ ಮನೆಮಾತು ತುಳು, ಆದರೆ ಇಲ್ಲಿ ಎಲ್ಲವನ್ನೂ ಕನ್ನಡ ಮಾಡಿಯೇ ಬರೆಯುತ್ತಿದ್ದೇನೆ.

ಇಂಗ್ಲಿಷ್ ಹೆಂಗಸು ಮೊದಲ ಸಲ ಆ ರೂಮಿಗೆ ಬಂದ ದಿನ ನಾನೇ ಸೌಜನ್ಯಕ್ಕೆ ಕೇಳಿದೆ, ಇಂಗ್ಲೆಂಡಿನಲ್ಲಿ ಎಲ್ಲಿ ಎಂದು. ಅವಳು "ಬರೋ" ಎಂಬ ದರ್ಜೆಯ ಒಂದು ಊರಿನ ಹೆಸರು ಹೇಳಿದಳು. ನಾನು ಚಾದ ಲೋಟ ಕೆಳಗಿಟ್ಟೆ.

ಆ ಹೆಸರು ನನಗೆ ಹನ್ನೆರಡನೇ ವಯಸ್ಸಿನಿಂದ ಬಾಯಿಪಾಠ. ನಮ್ಮ ಕಾನ್ವೆಂಟಿನಲ್ಲಿ ಸಿವಿಕ್ಸ್ ಕಲಿಸುತ್ತಿದ್ದ ಸಿಸ್ಟರ್ ಆ ಊರಿನವರು. ನಮ್ಮ ಮುನಿಸಿಪಾಲಿಟಿಯಲ್ಲಿ ಎಂತ ನಡೆಯುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ಪುಸ್ತಕದಲ್ಲಿದ್ದ ಒಂದೂವರೆ ಪುಟವನ್ನು ಒಂದೇ ಪೀರಿಯಡ್ಡಿನಲ್ಲಿ ಮುಗಿಸಿ, ಮಿಕ್ಕ ವರ್ಷವಿಡೀ ತಮ್ಮ ಊರನ್ನು ಕಲಿಸಿದರು. ಬರೋ ಅಂದರೆ ರಾಜನಿಂದ ಸನ್ನದು ಪಡೆದ ಊರು, ತನ್ನ ಸಂತೆಯನ್ನು ತಾನೇ ನಡೆಸುವ, ತನ್ನ ಕಟ್ಟಳೆಯನ್ನು ತಾನೇ ಮಾಡುವ ಊರು. ನೀಲಿ ಚಾಕಿನಲ್ಲಿ ಬೋರ್ಡಿನ ಮೇಲೆ ಗಿಲ್ಡ್‌ಹಾಲ್, ಅಂದರೆ ಆ ಊರಿನ ಸಭಾಭವನದ ಚಿತ್ರ, ಬರೆಯುತ್ತಿದ್ದರು. ಎತ್ತರದ ಕುರ್ಚಿಯಲ್ಲಿ ಮೇಯರ್, ಕೊರಳಲ್ಲಿ ಚಿನ್ನದ ಸರ. ಅವನ ಎರಡೂ ಬದಿಗೆ ಆಲ್ಡರ್‌ಮನ್‌ಗಳು. ಕೌನ್ಸಿಲರುಗಳೇ ಆರಿಸಿದ ಹಿರಿಯರು ಅವರು, ಆರು ವರ್ಷ ಅಲ್ಲಾಡದವರು. ಕೆಳಗೆ ಕೌನ್ಸಿಲರುಗಳು, ಮೂಲೆಯಲ್ಲಿ ಟೌನ್ ಕ್ಲರ್ಕ್. "ಅತಿ ಬಡವನೂ ಒಂದು ಹಾಳೆಯಲ್ಲಿ ತನ್ನ ಅಹವಾಲು ಬರೆದು ಸಹಿ ಹಾಕಿ ಕಳಿಸಿದರೆ ಕೌನ್ಸಿಲ್ ಅದನ್ನು ಎದ್ದು ನಿಂತು ಓದಬೇಕು" ಎನ್ನುತ್ತಿದ್ದರು ಸಿಸ್ಟರ್. ಎದ್ದು ನಿಂತು ಎನ್ನುವುದು ನಿಜವೋ, ಅವರ ಊರಿನ ನೆನಪು ಸೇರಿಸಿದ ಸಕ್ಕರೆಯೋ, ನನಗೆ ಈಗಲೂ ಗೊತ್ತಿಲ್ಲ.

ಒಮ್ಮೆ ಇನ್‌ಸ್ಪೆಕ್ಟರ್ ಬಂದು, ನಿಮ್ಮ ಮನೆಯ ನೀರಿನ ತೆರಿಗೆ ಯಾರಿಗೆ ಕಟ್ಟುತ್ತೀರಿ ಎಂದು ಕೇಳಿದರು. ನಾನು ಎದ್ದು ನಿಂತು "ಟು ದ ಟೌನ್ ಕ್ಲರ್ಕ್, ಸರ್" ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿ ಕಿಟಕಿಯ ಹೊರಗೆ ನೋಡಿದರು. ಸಿಸ್ಟರ್ ಮುಖದಲ್ಲಿ ಎಂತ ಹೆಮ್ಮೆ.

ಅಂಥ ಊರಿನವಳು ನನ್ನ ಎದುರಿಗೆ, ದುಬೈಯಲ್ಲಿ, ಚಪ್ಪಲಿ ಕಳಚಿ ಸೋಫಾದ ಮೇಲೆ ಕಾಲಿಟ್ಟು ಕೂತಿದ್ದಳು. ನಾನು ಒಂದೇ ಉಸಿರಿಗೆ ಗಿಲ್ಡ್‌ಹಾಲ್, ಬುಧವಾರದ ಸಂತೆ, ಮೇಯರನ ಸರ, ಆಲ್ಡರ್‌ಮನ್‌ಗಳು ಎಲ್ಲಾ ಕೇಳಿದೆ. ಅವಳು ನನ್ನನ್ನು ವಿಚಿತ್ರ ಪ್ರಾಣಿಯನ್ನು ನೋಡುವ ಹಾಗೆ ನೋಡಿದಳು.

"ಆಲ್ಡರ್‌ಮನ್‌ಗಳನ್ನು ಕಿತ್ತು ಹಾಕಿ ನಲವತ್ತು ವರ್ಷದ ಹತ್ತಿರ ಆಯ್ತು" ಎಂದಳು. "ಗಿಲ್ಡ್‌ಹಾಲಿನಲ್ಲಿ ಈಗ ಕಾಫಿ ಮಾರುತ್ತಾರೆ. ಮೇಯರ್ ವರ್ಷಕ್ಕೊಬ್ಬ, ರಿಬ್ಬನ್ ಕತ್ತರಿಸಲಿಕ್ಕೆ. ಕೌನ್ಸಿಲಿನ ಕೆಲಸ ಕಸದ ಡಬ್ಬಿಗೆ ಯಾವ ಬಣ್ಣ ಅಂತ ಜಗಳ ಮಾಡುವುದು. ರಸ್ತೆ, ಶಾಲೆ ಎಲ್ಲ ಮೇಲಿನ ಕೌಂಟಿಯವರದ್ದು. ಯಾರು ನಿನಗೆ ಈ ಕತೆಯೆಲ್ಲ ಹೇಳಿದ್ದು?"

"ನಮ್ಮ ಸಿಸ್ಟರ್."

"ಪೇಟೆಯವಳಾ?"

ಹೌದೆಂದೆ. ಅವಳು ಮೂಗು ಮುರಿದಳು. ಇವಳು ಪೇಟೆಯವಳಲ್ಲ, ಪೇಟೆಯಿಂದ ಏಳು ಮೈಲಿ ಆಚೆಯ ಹಳ್ಳಿಯವಳು. ಹಳ್ಳಿಗಳಿಗೆ ಹಿಂದೆ ತಮ್ಮದೇ ರೂರಲ್ ಕೌನ್ಸಿಲ್ ಇತ್ತಂತೆ. ಎಪ್ಪತ್ತರ ದಶಕದಲ್ಲಿ ಸರಕಾರ ಎಲ್ಲವನ್ನೂ ಕಲಸಿ ಒಂದು ಮಾಡಿತು. ಹೊಸ ಜಿಲ್ಲೆಗೆ ಪೇಟೆಯದೇ ಹೆಸರು, ಪೇಟೆಯದೇ ಸರ, ಮೇಯರನ ಮುಂದೆ ಹಿಡಿಯುವ ಬೆಳ್ಳಿಯ ಕೋಲೂ ಪೇಟೆಯದೇ. "ನಮ್ಮನ್ನು ಹಸಿಹಸಿಯಾಗಿ ನುಂಗಿದರು" ಎಂದಳು. ಆಮೇಲೆ ಅವಳೇ ಎರಡು ಅವಧಿಗೆ ಆ ಕೌನ್ಸಿಲಿಗೆ ಆರಿಸಿ ಹೋಗಿ, ಪೇಟೆಯವರು ತಂದ ಪ್ರತಿಯೊಂದು ಪ್ರಸ್ತಾಪಕ್ಕೂ ಬೇಡ ಎಂದು ಕೈ ಎತ್ತಿದ್ದಳಂತೆ. ಹೇಳುವಾಗ ಮುಖದಲ್ಲಿ ಸಂತೋಷ.

ನಾನು ಸುಮ್ಮನಿರಬೇಕಿತ್ತು. ಆದರೆ ಸಿಸ್ಟರಿನ ಊರಿನ ಮಾನ ನನ್ನ ಕೈಯಲ್ಲಿದೆ ಎಂಬಂತೆ, "ಹಳ್ಳಿಯವರಿಗೆ ಆಡಳಿತ ಗೊತ್ತಿರಲಿಲ್ಲ, ಅದಕ್ಕೇ ಸೇರಿಸಿದ್ದಿರಬೇಕು" ಎಂದೆ.

"ನೋಡಿದ್ದೀಯಾ ನೀನು?"

"ಓದಿದ್ದೇನೆ."

"ಓದಿದ್ದೇನೆ" ಎಂದು ಅಣಕಿಸಿ ಅವಳು ಮಿಕ್ಕವರ ಕಡೆ ತಿರುಗಿದಳು. "ಇಗೋ, ನಮ್ಮ ಕೊನೆಯ ಆಲ್ಡರ್‌ಮನ್ ಸತ್ತಿಲ್ಲ. ಅಲ್ ಬರ್ಷಾದಲ್ಲಿದ್ದಾಳೆ."

ಹೆಸರು ಅಂಟಿಕೊಂಡಿತು. ದಿನಾ ನಾಲ್ಕು ಗಂಟೆಗೆ "ಆಲ್ಡರ್‌ಮನ್ ಬಂದರು, ಜಾಗ ಬಿಡಿ" ಎನ್ನುತ್ತಿದ್ದಳು. ನಾನು "ವಿರೋಧ ಪಕ್ಷ ಕಾಲು ಕೆಳಗಿಡಲಿ" ಎನ್ನುತ್ತಿದ್ದೆ. ನಗುತ್ತಿದ್ದೆವು ಅಂದುಕೊಳ್ಳಬೇಡಿ. ಯಾರೂ ನಗುತ್ತಿರಲಿಲ್ಲ. ನನ್ನ ಬಾಲ್ಯದ ಒಂದೇ ಒಂದು ಚಂದದ ಊರನ್ನು ಅವಳು ದಿನಕ್ಕೊಂದು ಕಲ್ಲಿನಂತೆ ಕೀಳುತ್ತಿದ್ದಳು.

ಹೀಗೇ ಒಂದು ವರ್ಷ ಕಳೆದ ಮೇಲೆ ಲಿಫ್ಟಿನೊಳಗೆ ನೋಟಿಸ್ ಅಂಟಿಸಿದರು. ಮುಂದಿನ ತಿಂಗಳಿನಿಂದ ಕಾಮನ್ ರೂಮ್ ಇಲ್ಲ, ಅದನ್ನು ಒಂದು ಸಲೂನಿಗೆ ಬಾಡಿಗೆಗೆ ಕೊಡುತ್ತಾರೆ. ಭಟ್ಕಳದವರು ಅದನ್ನು ಎರಡು ಸಲ ಓದಿ, "ಇನ್ನು ಎಲ್ಲಿ ಕೂತ್ಕೊಳ್ಳುದು ಅಕ್ಕಾ, ಪಾರ್ಕಿಂಗಲ್ಲಾ?" ಎಂದರು.

ನನಗೆ ಮಾತ್ರ ಎಂತ ಮಾಡಬೇಕೆಂದು ಗೊತ್ತಿತ್ತು. ಅರುವತ್ತು ವರ್ಷದಿಂದ ಗೊತ್ತಿತ್ತು. ಗೆರೆ ಎಳೆದ ಫುಲ್‌ಸ್ಕೇಪ್ ಹಾಳೆ ತರಿಸಿದೆ. ಮೇಲೆ ನನ್ನ ಕಾನ್ವೆಂಟ್ ಅಕ್ಷರದಲ್ಲಿ "ವಿ, ದ ಅಂಡರ್‌ಸೈನ್ಡ್ ರೆಸಿಡೆಂಟ್ಸ್" ಎಂದು ಶುರುಮಾಡಿ ಅಹವಾಲು ಬರೆದೆ. ಕೆಳಗೆ ಮೂರು ಕಾಲಮ್: ಹೆಸರು, ಫ್ಲ್ಯಾಟ್ ನಂಬರ್, ಸಹಿ. ಮಧ್ಯಾಹ್ನ ಊಟವಾದ ಮೇಲೆ ಒಂದೊಂದು ಮಹಡಿ ಹತ್ತಿ ಬೆಲ್ ಒತ್ತಿದೆ. ಜನ ಬಾಗಿಲು ತೆರೆದು, ಸೀರೆ ಉಟ್ಟ ಮುದುಕಿಯನ್ನು ಕಂಡು, ಕೂರಿಸಿ, ನೀರು ಕೊಟ್ಟು, ಸಹಿ ಹಾಕಿದರು. ಓದಿ ಹಾಕಿದವರು ಎಷ್ಟು ಮಂದಿಯೋ. ಭಟ್ಕಳದವರು ತಮ್ಮ ಸಹಿ ಹಾಕಿ, ಗಂಡನದನ್ನೂ ಹಾಕಿಸಿದರು. ನಾಲ್ಕು ದಿನದಲ್ಲಿ ಎರಡು ಹಾಳೆ ತುಂಬಿತು. ಆ ನಾಲ್ಕು ದಿನ ನನ್ನ ಮೊಣಕಾಲು ನೋಯಲೇ ಇಲ್ಲ.

ಕೊನೆಗೆ ಎದುರು ಮನೆಯ ಬೆಲ್ ಒತ್ತಿದೆ. ಅವಳು ಬಾಗಿಲಲ್ಲೇ ನಿಂತು ಹಾಳೆ ಓದಿದಳು. ಓದಿ ವಾಪಸು ಕೊಟ್ಟಳು.

"ಹಾಕುವುದಿಲ್ಲ."

"ಪೇಟೆಯವಳ ಶಿಷ್ಯೆ ಬರೆದದ್ದು ಅಂತಲಾ?"

"ಇದು ಅಹವಾಲಲ್ಲ. ಇದು ಪಟ್ಟಿ. ಯಾರು ಬೇಡ ಅಂದರು, ಎಷ್ಟನೇ ನಂಬರಿನ ಫ್ಲ್ಯಾಟಿನಲ್ಲಿದ್ದಾರೆ, ಎಲ್ಲ ನೀನೇ ಗೆರೆ ಹಾಕಿ ಕೊಡುತ್ತಿದ್ದೀ. ಹರಿದು ಹಾಕು."

ಆಮೇಲೆ ಅವಳು ತನ್ನ ಅಪ್ಪನ ವಿಷಯ ಹೇಳಿದಳು. ನನ್ನ ಮೇಲಿನ ಮರುಕದಿಂದಲ್ಲ, ಸಿಟ್ಟಿನಿಂದ ಹೇಳಿದ್ದು. ಹಳ್ಳಿಯನ್ನು ಪೇಟೆಗೆ ಸೇರಿಸಬೇಡಿ ಎಂದು ಊರಿನವರೆಲ್ಲ ಸಹಿ ಹಾಕಿ ಕಳಿಸಿದ್ದರಂತೆ. ಮೊದಲ ಸಹಿ ಅವಳ ಅಪ್ಪನದು. ಇವರ ಮನೆ ಕೌನ್ಸಿಲಿನ ಬಾಡಿಗೆ ಮನೆ. ಸೇರಿಸಿಯಾದ ಮೇಲೆ ಆ ಹಾಳೆ ಹೊಸ ಆಫೀಸಿನ ಕಪಾಟಿನಲ್ಲೇ ಉಳಿಯಿತು. ಅಪ್ಪನ ಮನೆಯ ಮಾಡು ಸೋರುತ್ತದೆಂದು ಬರೆದ ಕಾಗದಗಳಿಗೆ ಮೂರು ವರ್ಷ ಉತ್ತರ ಬರಲಿಲ್ಲ. ಸಹಿ ಹಾಕದ ಪಕ್ಕದ ಮನೆಯವನಿಗೆ ಹೊಸ ಮಾಡು ಬಂತು.

"ನಮ್ಮ ಸಿಸ್ಟರಿನ ಊರಿನವರು ಹಾಗೆ ಮಾಡುವವರಲ್ಲ" ಎಂದೆ.

ಅವಳು ಬಾಗಿಲು ಹಾಕಿಕೊಂಡಳು.

ನಾನು ಹಾಳೆಗಳ ಒಂದು ಫೋಟೊ ತೆಗೆದಿಡಲಿಲ್ಲ, ಜೆರಾಕ್ಸ್ ಮಾಡಿಸಲಿಲ್ಲ. ಮರುದಿನ ಸೀದಾ ಮ್ಯಾನೇಜ್‌ಮೆಂಟ್ ಆಫೀಸಿಗೆ ಹೋಗಿ, ಇಂಥದೊಂದು ಅಹವಾಲು ನನ್ನ ಬಳಿ ಇದೆ, ಎಲ್ಲರ ಎದುರು ಓದಿಸಲು ಒಂದು ದಿನ ಗೊತ್ತುಮಾಡಿ ಎಂದು ಹೇಳಿ ಬಂದೆ. ಮ್ಯಾನೇಜರ್ ಖರ್ಜೂರ ಕೊಟ್ಟು ಕಳಿಸಿದ. ಗಿಲ್ಡ್‌ಹಾಲಿನಲ್ಲೂ ಇಷ್ಟು ಮರ್ಯಾದೆ ಸಿಗುತ್ತಿರಲಿಲ್ಲ ಎಂದುಕೊಂಡೆ.

ಅಂದೇ ಮಧ್ಯಾಹ್ನ ಅಳಿಯನ ಆಫೀಸಿಗೆ ಫೋನ್ ಹೋಯಿತು.

ಇಲ್ಲಿ ನಮ್ಮ ಮನೆಯ ವಿಷಯ ಹೇಳಬೇಕು. ನನ್ನ ವೀಸಾ ಅಳಿಯನ ವೀಸಾದ ಮೇಲೆ ನಿಂತಿತ್ತು, ವರ್ಷಕ್ಕೊಮ್ಮೆ ಅವನೇ ರಿನ್ಯೂ ಮಾಡಿಸಬೇಕು. ಅವನ ವೀಸಾ ಕಂಪನಿಯದ್ದು. ಫ್ಲ್ಯಾಟೂ ಕಂಪನಿಯ ಹೆಸರಿನಲ್ಲೇ. ಆ ತಿಂಗಳು ಫ್ಲ್ಯಾಟಿನ ಕರಾರು ಮುಗಿಯುತ್ತಿತ್ತು, ಎರಡು ತಿಂಗಳು ಬಿಟ್ಟು ನನ್ನ ವೀಸಾ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ನಾಲ್ಕು ದಿನ ನೆನಪಾಗಲಿಲ್ಲ.

ಅಳಿಯ ಐದು ಗಂಟೆಗೇ ಮನೆಗೆ ಬಂದ. ಶೂ ಬಿಚ್ಚದೆ ನಿಂತೇ ಕೇಳಿದ.

"ಅತ್ತೆ, ನೀವು ಎಂತ ಮಾಡಿದ್ದೀರಿ ಗೊತ್ತುಂಟಾ?"

"ಅಹವಾಲು ಬರೆದಿದ್ದೇನೆ. ಒಬ್ಬರಿಗೂ ಬೈದಿಲ್ಲ. ಓದಿ ನೋಡು, ಪೊಲೈಟ್ ಆಗಿಯೇ ಉಂಟು."

"ಪೊಲೈಟ್. ಈ ಊರಲ್ಲಿ ಪರ್ಮಿಶನ್ ಇಲ್ಲದೆ ಮನೆಮನೆಗೆ ಹೋಗಿ ಜನರ ಸಹಿ ಒಟ್ಟು ಮಾಡ್ಲಿಕ್ಕೆ ಇಲ್ಲ. ಕಾನೂನಿನ ವಿಷಯ ಅದು. ಲೀಡರ್ ಯಾರು ಅಂತ ಕೇಳ್ತಿದ್ದಾರೆ ಅವರು. ಎಚ್‌ಆರ್‌ನವ ನನ್ನನ್ನು ಕರೆದು, ನಿಮ್ಮ ಮನೆಯಲ್ಲಿ ಪೊಲಿಟಿಶಿಯನ್ ಇದ್ದಾರಾ ಅಂತ ಕೇಳಿದ. ನಾನು ಎಂತ ಹೇಳ್ಬೇಕು? ನಮ್ಮ ಅತ್ತೆ ಕಾನ್ವೆಂಟಲ್ಲಿ ಕಲಿತದ್ದು ಅಂತಲಾ?"

ಅಂದು ಶಾಲೆಯಿಂದ ಬೇಗ ಬಂದಿದ್ದ ಮೊಮ್ಮಗಳು ರೂಮಿನಿಂದ ತಲೆ ಹೊರಗೆ ಹಾಕಿ, "ಈಸ್ ಅಮ್ಮಮ್ಮ ಇನ್ ಟ್ರಬಲ್?" ಎಂದಳು.

ಮರುದಿನ ಬೆಳಿಗ್ಗೆ ಅಳಿಯ ನನ್ನನ್ನು ಮ್ಯಾನೇಜರನ ಬಳಿ ಕರೆದುಕೊಂಡು ಹೋದ. ಈ ಸಲ ಖರ್ಜೂರ ಇರಲಿಲ್ಲ, ಆದರೆ ಮನುಷ್ಯ ಮೆತ್ತಗೇ ಮಾತಾಡಿದ. "ಮಾಫಿ ಮುಷ್ಕಿಲ್, ಮ್ಯಾಡಮ್. ಏನೂ ಸಮಸ್ಯೆ ಇಲ್ಲ. ಸಹಿ ಇರುವ ಹಾಳೆ ಆಫೀಸಿಗೆ ಕೊಡಿ. ನಾವು ನೋಡಿಕೊಳ್ಳುತ್ತೇವೆ. ಖಲಾಸ್."

"ಸಹಿ ಹಾಕಿದವರನ್ನು ಏನು ಮಾಡುತ್ತೀರಿ?" ಎಂದೆ.

"ಏನೂ ಇಲ್ಲ. ಒಬ್ಬೊಬ್ಬರನ್ನು ಕರೆದು ಮಾತಾಡುತ್ತೇವೆ ಅಷ್ಟೇ. ಅವರದ್ದೂ ಕರಾರು ರಿನ್ಯೂ ಆಗಬೇಕಲ್ಲ."

ಅಳಿಯ ನನ್ನ ಕಡೆ ನೋಡದೆ, "ಸಂಜೆ ತಂದು ಕೊಡ್ತೇವೆ" ಎಂದ. ಅಲ್ಲಿಂದ ಅವನು ಆಫೀಸಿಗೆ, ನಾನು ಲಿಫ್ಟಿಗೆ.

ಮನೆಯಲ್ಲಿ ಒಬ್ಬಳೇ ಊಟದ ಮೇಜಿನ ಮೇಲೆ ಎರಡೂ ಹಾಳೆ ಹರವಿ ಕೂತೆ. ಇಂಗ್ಲಿಷ್, ಅರಬ್ಬಿ, ಮಲಯಾಳಂ, ಉರ್ದು ಸಹಿಗಳು. ಒಬ್ಬಳು ಫಿಲಿಪಿನೋ ಹುಡುಗಿ ಸಹಿಯ ಪಕ್ಕ ನಗುವ ಮುಖ ಬರೆದಿದ್ದಳು. ಭಟ್ಕಳದವರ ಸಹಿ ಕನ್ನಡದಲ್ಲಿ, ಗುಂಡಗೆ. ನನಗೆ ಖುಷಿಯಾಗಲಿ ಅಂತಲೇ ಕನ್ನಡದಲ್ಲಿ ಹಾಕಿದ್ದರು. ಪ್ರತಿಯೊಂದರ ಎದುರೂ ನಾನೇ ಕೇಳಿ ಕೇಳಿ ಬರೆಸಿದ ಫ್ಲ್ಯಾಟ್ ನಂಬರ್. ಎದುರು ಮನೆಯವಳು ಹೇಳಿದ್ದು ಅಕ್ಷರಕ್ಕೆ ಅಕ್ಷರ ಸರಿಯಿತ್ತು. ಅದು ಪಟ್ಟಿಯೇ. ಸಿಸ್ಟರಿನ ಊರಿನ ಕಪಾಟಿನಲ್ಲೂ ಅಂಥದೇ ಒಂದು ಇದ್ದಿರಬೇಕು. ನಾನು ಅಲ್ಲೇ ಕೂತು ಸಿಸ್ಟರಿಗೂ ಒಂದಷ್ಟು ಬೈದೆ, ಆ ಹೆಂಗಸಿಗೂ ಬೈದೆ.

ಹಾಳೆ ಕೊಟ್ಟರೆ ಅಳಿಯನಿಗೆ ಕ್ಷೇಮ. ಕೊಡದಿದ್ದರೆ ಅವನ ಕತ್ತಿಗೆ ಬರುತ್ತದೆ, ಅವನ ಕತ್ತಿಗೆ ಬಂದರೆ ನನ್ನ ಗಂಟುಮೂಟೆ. ಲೆಕ್ಕ ಕಷ್ಟದ್ದೇನೂ ಆಗಿರಲಿಲ್ಲ. ಆದರೆ ಆ ಜನ ನನ್ನನ್ನು ನಂಬಿದ್ದರು, ಅಥವಾ ನನ್ನ ಸೀರೆಯನ್ನು ನಂಬಿದ್ದರು.

ಮೊದಲು ಸಿಂಕಿನಲ್ಲಿ ನೀರು ತುಂಬಿಸಿ ಹಾಳೆ ಮುಳುಗಿಸಿದೆ. ಬಾಲ್ ಪೆನ್ನಿನ ಶಾಯಿ ಹೋಗಲಿಲ್ಲ, ಹೆಸರುಗಳೆಲ್ಲ ಇನ್ನೂ ಓದಲು ಬರುತ್ತಿದ್ದವು. ಹರಿದೆ. ಚೂರಿನಲ್ಲೂ ಓದಲು ಬರುತ್ತಿತ್ತು. ಕೊನೆಗೆ ಮಿಕ್ಸಿಯ ಚಟ್ನಿ ಜಾರಿಗೆ ಚೂರುಗಳನ್ನು ತುಂಬಿ, ಅರ್ಧ ಲೋಟ ನೀರು ಹಾಕಿ, ಮೂರು ಸಲ ತಿರುಗಿಸಿದೆ. ನೀರುದೋಸೆಯ ಹಿಟ್ಟಿನ ಹಾಗೆ ನುಣ್ಣಗೆ, ಸ್ವಲ್ಪ ನೀಲಿ. ಅದನ್ನು ಕಸದ ಚೀಲಕ್ಕೆ ಸುರಿದು, ಚೀಲವನ್ನು ಕಾರಿಡಾರಿನ ಕಸದ ಕೊಳವೆಯ ಬಾಯಿಗೆ ತಳ್ಳಿದೆ. ಹನ್ನೆರಡು ಮಹಡಿ ಇಳಿಯುವ ಸದ್ದು ಕೇಳಿಸಿತು.

ಆಮೇಲೆ ಹೊಸ ಹಾಳೆಯಲ್ಲಿ ನಾಲ್ಕು ಸಾಲು ಬರೆದೆ. ಈ ಕೆಲಸ ನಾನೊಬ್ಬಳೇ ಮಾಡಿದ್ದು, ಅಳಿಯನಿಗಾಗಲಿ ಬೇರೆ ಯಾರಿಗಾಗಲಿ ಸಂಬಂಧವಿಲ್ಲ, ಈ ಊರಿನ ನಿಯಮ ತಿಳಿಯದೆ ಮಾಡಿದೆ, ಹಾಳೆಗಳು ನಾಶವಾಗಿವೆ. "ತಿಳಿಯದೆ" ಎಂಬ ಶಬ್ದ ಬರೆಯಲು ನನಗೆ ಅರ್ಧ ಗಂಟೆ ಹಿಡಿಯಿತು. ಮಿಕ್ಕಿದ್ದು ಎರಡು ನಿಮಿಷ.

ಸಂಜೆ ಅಳಿಯ ಕೈ ಚಾಚಿದ. ನಾನು ಆ ಕಾಗದ ಕೊಟ್ಟೆ.

"ಸಹಿಯ ಹಾಳೆ ಎಲ್ಲಿ?"

"ಮಿಕ್ಸಿಯಲ್ಲಿ ಅರೆದೆ."

ಮಗಳು ಅಡುಗೆಮನೆಗೆ ಹೋಗಿ ಜಾರ್ ಮೂಸಿ ನೋಡಿ ಬಂದಳು. ಅಳಿಯ ಕಾಗದವನ್ನು ಪೂರ್ತಿ ಓದಿ, ಮಡಚಿ, ಜೇಬಿಗಿಟ್ಟು, ಬಹಳ ತಗ್ಗಿದ ಸ್ವರದಲ್ಲಿ, "ಬಿಲ್ಡಿಂಗಿನವರ ಮೇಲೆ ನಿಮಗೆ ಇಷ್ಟು ಮರುಕ ಉಂಟು. ನಿಮ್ಮ ಮಗಳ ಮೇಲೆ ಇಲ್ವಾ ಅತ್ತೆ?" ಎಂದ. ನಾನು ಮಿಕ್ಸಿಯ ಜಾರ್ ತೊಳೆಯಲು ಹೋದೆ.

ಕಾಗದ ನಡೆಯಿತು. ಮ್ಯಾನೇಜರ್ ಅದನ್ನು ಫೈಲಿಗೆ ಸೇರಿಸಿದ, ಫ್ಲ್ಯಾಟಿನ ಕರಾರು ರಿನ್ಯೂ ಆಯಿತು. ಕಂಪನಿಯಿಂದ ಅಳಿಯನಿಗೆ ಒಂದು ಇಮೇಲ್ ಬಂತು, ಅವಲಂಬಿತರ ನಡತೆಗೆ ನೌಕರನೇ ಹೊಣೆ ಎಂದು. ಅವನು ಅದನ್ನು ನನಗೆ ತೋರಿಸಲಿಲ್ಲ. ಮಗಳು ತೋರಿಸಿದಳು.

ಅಷ್ಟರಲ್ಲಿ ಬಿಲ್ಡಿಂಗಿನಲ್ಲಿ ಸುದ್ದಿ ಹಬ್ಬಿತ್ತು. ಬಾಗಿಲು ತಟ್ಟಿದವರಲ್ಲಿ ಭಟ್ಕಳದವರು ಮೊದಲಿಗರು. ಒಳಗೆ ಬರಲಿಲ್ಲ.

"ಅಕ್ಕಾ, ನನ್ನ ಹೆಸರು ಹೊಡೆದು ಹಾಕಿ. ನಮ್ಮವರದ್ದೂ. ಅಂಗಡಿ ಲೈಸೆನ್ಸಿನ ಟೈಮು ಇದು."

"ಹಾಳೆಯೇ ಇಲ್ಲ ಈಗ."

"ಇಲ್ಲ ಅಂದ್ರೆ? ಕೊಟ್ಟು ಬಿಟ್ರಾ?"

"ಇಲ್ಲ ಮಾರಾಯ್ತಿ. ಮಿಕ್ಸಿಗೆ ಹಾಕಿ ಅರೆದೆ."

ಅವರು ನನ್ನ ಮುಖವನ್ನೇ ನೋಡಿದರು. "ನಾನು ಸಣ್ಣ ಮಗು ಅಲ್ಲ ಅಕ್ಕಾ. ಕೊಟ್ಟಿದ್ರೆ ಕೊಟ್ಟೆ ಅನ್ನಿ. ನಿಮ್ಮ ಮನೆ ಕರಾರು ಆಯ್ತಂತಲ್ಲ, ಹಾಗೆ ಸುಮ್ಮನೆ ಆಗ್ತದಾ?"

ಅದಾದ ಮೇಲೆ ಲಿಫ್ಟಿನಲ್ಲಿ ಸಿಕ್ಕರೆ ಫೋನ್ ನೋಡುತ್ತಿದ್ದರು. ಮಿಕ್ಕವರೂ ಹಾಗೆಯೇ. ಒಬ್ಬನು ನನ್ನನ್ನು ಕಂಡು ಲಿಫ್ಟ್ ಹತ್ತದೆ ಮೆಟ್ಟಿಲಿನಲ್ಲಿ ಹೋದ. ಆಫೀಸಿನವರು ಯಾರನ್ನೂ ಕರೆಯಲಿಲ್ಲ, ಯಾರ ಕರಾರಿಗೂ ತೊಂದರೆ ಬರಲಿಲ್ಲ. ಆದರೆ ಬಾರದ ತೊಂದರೆಯನ್ನು ಸಾಕ್ಷಿಯೆಂದು ಯಾರು ಒಪ್ಪುತ್ತಾರೆ? ಇವತ್ತಲ್ಲ ನಾಳೆ ಕರೆಯುತ್ತಾರೆ ಎಂದೇ ಅವರ ಎಣಿಕೆ.

ನಂಬಿದವಳು ಒಬ್ಬಳೇ, ಎದುರು ಮನೆಯವಳು. ಸಲೂನಿನವರು ಸೋಫಾಗಳನ್ನು ಹೊರಗೆ ಎಳೆಯುತ್ತಿದ್ದ ದಿನ ಅವಳು ಕಾರಿಡಾರಿನಲ್ಲಿ ಎದುರಾದಳು.

"ಮಿಕ್ಸಿಯಲ್ಲಂತೆ" ಎಂದಳು.

"ಹೌದು."

"ಮೊದಲೇ ನನ್ನ ಮಾತು ಕೇಳಿದ್ದರೆ ಮಿಕ್ಸಿ ಉಳಿಯುತ್ತಿತ್ತು." ಬಾಗಿಲಿಗೆ ಕೀ ಹಾಕುತ್ತಾ, "ಪೇಟೆಯವರಿಗೆ ಅಷ್ಟೂ ಬುದ್ಧಿ ಇರಲಿಲ್ಲ" ಎಂದಳು. ಅದು ಹೊಗಳಿಕೆಯೇ ಇರಬೇಕು. ನಾನು ಥ್ಯಾಂಕ್ಸ್ ಹೇಳಲಿಲ್ಲ. ಅವಳ ಅಪ್ಪನ ಮಾಡಿನ ವಿಷಯಕ್ಕೆ ಸಾರಿ ಕೂಡ ಹೇಳಲಿಲ್ಲ. ಹೇಳಬೇಕಿತ್ತು, ಆದರೆ ಅವಳು ಗೆದ್ದ ಮುಖ ಹೊತ್ತು ನಿಂತಿದ್ದಳು.

ನನ್ನ ವೀಸಾ ಮುಗಿಯಲು ಹದಿನೈದೇ ದಿನ ಇದ್ದರೂ ಅಳಿಯ ರಿನ್ಯೂ ಮಾಡಿಸುವ ಮಾತೆತ್ತಿರಲಿಲ್ಲ. ಒಂದು ಸಂಜೆ ಮಗಳು ಬಟ್ಟೆ ಮಡಚುತ್ತಾ, "ಅಮ್ಮ, ಈ ಸಲ ಒಮ್ಮೆ ಊರಿಗೆ ಹೋಗಿ ಬಾ. ಆಮೇಲೆ ನೋಡುವ" ಎಂದಳು. ಕಣ್ಣು ಟವೆಲಿನ ಮೇಲೆ. ಆಮೇಲೆ ಯಾರೂ ಏನೂ ನೋಡುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮಂಗಳೂರಿನಲ್ಲಿ ನನ್ನ ತಂಗಿಯ ಮನೆಯಲ್ಲಿ ಒಂದು ರೂಮ್ ಖಾಲಿ ಇದೆಯೆಂದು ಅವರು ಆಗಲೇ ಕೇಳಿ ಇಟ್ಟಿದ್ದರು.

ಏರ್‌ಪೋರ್ಟಿಗೆ ಅಳಿಯನೇ ಬಿಟ್ಟ. ದಾರಿಯುದ್ದಕ್ಕೂ ಎಸಿ ಹೆಚ್ಚಿಸುತ್ತಿದ್ದ, ಕಡಿಮೆ ಮಾಡುತ್ತಿದ್ದ. ಟ್ರಾಲಿಗೆ ಸೂಟ್‌ಕೇಸ್ ಎತ್ತಿ ಇಟ್ಟ ಮೇಲೆ ಕೇಳಿದ.

"ನಿಜವಾಗಿ ಅರೆದದ್ದಾ ಅತ್ತೆ? ಎಲ್ಲಾದರೂ ಇಟ್ಟಿಲ್ಲವಲ್ಲ? ಮುಂದೆ ನಮಗೆ ತೊಂದರೆ ಆಗಬಾರದು, ಅದಕ್ಕೆ ಕೇಳಿದ್ದು."

ಅವನೂ ನಂಬಿರಲಿಲ್ಲ. ಎರಡು ತಿಂಗಳು ಒಂದೇ ಮನೆಯಲ್ಲಿ ಆ ಸಂಶಯವನ್ನು ಇಟ್ಟುಕೊಂಡೇ ಊಟ ಮಾಡಿದ್ದ.

"ಇಟ್ಟಿದ್ದರೆ ಆವತ್ತೇ ಕೊಟ್ಟು, ನಿನ್ನ ಮನೆಯಲ್ಲೇ ಇರುತ್ತಿದ್ದೆ" ಎಂದೆ.

ಅವನು ತಲೆಯಾಡಿಸಿ ಕಾರಿನ ಕಡೆ ಹೋದ. ನಾನು ಟ್ರಾಲಿ ತಳ್ಳಿಕೊಂಡು ಒಳಗೆ ಹೋದೆ.